ನೆಗ್ಗಿದ ಅಚ್ಚು

ಈ ಸಲದ ಮಣ್ಣು ಹೊಲದ್ದಲ್ಲ.
ಹೊಲವೆಲ್ಲಿದೆ ಈಗ ಕಾಠ್ಮಂಡುವಿನಲ್ಲಿ?
ಕಾಲಿಮಾಟಿಯ ಹತ್ತಿರ ಯಾವುದೋ ಬ್ಯಾಂಕಿನ ಪಾಯಕ್ಕೆ ತೋಡಿದ ಗುಂಡಿಯಿಂದ
ಹಾಲಿನ ಕ್ಯಾನಿನಲ್ಲಿ ತುಂಬಿ ತಂದಿದ್ದಾನೆ ಅಷ್ಟಮಾನ್ ಭಾವ,
ಕಾವಲುಗಾರನ ಕೈಗೆ ನೂರು ರೂಪಾಯಿ ತುರುಕಿ.
ಕಪ್ಪು, ನುಣುಪು, ಒಂದಿಷ್ಟು ಮೀನಿನ ವಾಸನೆ.
"ಇರದೆ ಮತ್ತೆ?" ಎಂದಳು ಚಿರಿಮಾಯಾ ಅಜ್ಜಿ,
"ಈ ಊರೆಲ್ಲ ಒಂದು ಕಾಲಕ್ಕೆ ಸರೋವರ.
ಬೆಟ್ಟ ಸೀಳಿ ನೀರು ಹರಿಯಬಿಟ್ಟ ಪುಣ್ಯಾತ್ಮ
ಕೆಸರು ನಮಗಿರಲೆಂದು ಬಿಟ್ಟುಹೋದ."

ಗುಂಲಾ ತಿಂಗಳು ಬಂತೆಂದರೆ
ಮನೆಯಲ್ಲಿ ಬೆಳ್ಳುಳ್ಳಿಯಿಲ್ಲ, ಮಾಂಸವಿಲ್ಲ,
ಅಜ್ಜಿಗೆ ಒಂದೇ ಹೊತ್ತಿನ ಊಟ.
ನಾಲ್ಕಕ್ಕೇ ಓಣಿಯಲ್ಲಿ ಡೋಲಿನ ಬಡಿತ;
ಕೋಣದ ಕೊಂಬು ಊದುವ ಹುಡುಗರು
ಕಣ್ಣಲ್ಲಿನ್ನೂ ನಿದ್ದೆ ಹೊತ್ತು ಸ್ವಯಂಭೂ ಮೆಟ್ಟಿಲೇರುತ್ತಾರೆ.
ಮೇಲೆ ಮಂಗಗಳಿಗೆ ಗೊತ್ತು
ಯಾರ ಚೀಲದಲ್ಲಿ ಅವಲಕ್ಕಿಯೆಂದು.

ಅಜ್ಜಿಯ ಮಂಡಿ ಒಪ್ಪುವುದಿಲ್ಲ.
ಕಿಟಕಿಯ ಕೆಳಗೆ ಕೂತು, ಹಿತ್ತಾಳೆ ಅಚ್ಚಿಗೆ ಎಣ್ಣೆ ಸವರಿ,
ಮಣ್ಣು ತುಂಬಿ, ನಡುವೆ ಒಂದು ಭತ್ತದ ಕಾಳಿಟ್ಟು
ಟಪ್ಪೆಂದು ಕವುಚಿದರೆ
ನಿಂಬೆಹಣ್ಣಿನಷ್ಟು ಚೈತ್ಯ.
ಎಣಿಸುವುದು ನನ್ನ ಕೆಲಸ. ಎಪ್ಪತ್ತು ದಾಟಿದರೆ
ಲೆಕ್ಕ ತಪ್ಪುತ್ತೇನೆ; ಅವಳಿಗೆ ಗೊತ್ತಾಗುತ್ತದೆ.

ಎಲ್ಲಕ್ಕೂ ಎಡಭುಜದಲ್ಲಿ ಒಂದು ತಗ್ಗು.
ಭೂಕಂಪದ ದಿನ ಅಚ್ಚಿನ ಮೇಲೆ ತೊಲೆ ಬಿದ್ದು ನೆಗ್ಗಿದ್ದು.
ಹೊಸದು ತರೋಣವೆಂದೆ ಒಮ್ಮೆ.
"ನಿನ್ನಪ್ಪನೂ ಎಡಕ್ಕೇ ವಾಲಿ ಬಿದ್ದಿದ್ದ," ಎಂದಳು.
ಆಮೇಲೆ ಮಾತಿಲ್ಲ.
ಎಣ್ಣೆ. ಮಣ್ಣು. ಕಾಳು. ಟಪ್.

ಹುಣ್ಣಿಮೆಗೆ ಒಂಬತ್ತು ಬಗೆಯ ಮೊಳಕೆಕಾಳಿನ ಸಾರು ಕುದಿಯಿತು.
ಅಪ್ಪನ ಬಟ್ಟಲಿಗೂ ಬಡಿಸಿ,
ಆರಿದ ಮೇಲೆ ಅದನ್ನು ತಾನೇ ಕುಡಿದಳು,
ಹಾಳು ಮಾಡಬಾರದಲ್ಲ.

ಕೊನೆಯ ದಿನ ಬುಟ್ಟಿಗಳನ್ನು ವಿಷ್ಣುಮತಿಗೆ ಹೊತ್ತೆವು.
ಮೂಗು ಮುಚ್ಚಿಕೊಂಡು ಇಳಿಯಬೇಕಾದ ಹೊಳೆ.
ಪ್ಲಾಸ್ಟಿಕ್ ಸರಿಸಿ, ಎರಡೆರಡಾಗಿ ಬಿಟ್ಟೆವು;
ನೀರು ಮೊದಲು ಭುಜಗಳನ್ನೇ ಕರಗಿಸಿತು.
ಭಾವನ ಸ್ಕೂಟರಿನಿಂದ ಇಳಿಯದೆಯೇ ಅಜ್ಜಿ ಕೂಗಿದಳು:
"ಒಂದನ್ನೂ ಉಳಿಸಿಕೊಂಡಿಲ್ಲ ತಾನೆ?"
"ಇಲ್ಲ ಅಜ್ಜಿ."

ಜಾಕೆಟ್ಟಿನ ಜೇಬಿನಲ್ಲಿ, ಹಳೆಯ ಬಸ್ ಟಿಕೆಟ್ಟಿನ ಪಕ್ಕ
ಅದು ತಣ್ಣಗಿತ್ತು;
ತಗ್ಗಿನಲ್ಲಿ ಸರಿಯಾಗಿ ಕೂತಿತ್ತು ನನ್ನ ಕಿರುಬೆರಳ ತುದಿ.
ಗುಂಲಾ ಮುಗಿಯುವವರೆಗೆ ಸುಳ್ಳಾಡಬಾರದು.
ಇನ್ನೂ ಬೆಳಕಿತ್ತು.