ಕಂಸದೊಳಗೆ

ಇಪ್ಪತ್ತೆರಡು ವರ್ಷದಿಂದ ನಾನು
ಇವರ ಮಾತು ಬರೆದುಕೊಳ್ಳುತ್ತಿದ್ದೇನೆ.
ಉಲಾನ್‌ಬಾತರ್, ಸಂಸತ್ತಿನ ಬಲಮೂಲೆ, ಮಣೆಯಷ್ಟು ಮೇಜು,
ಬೆರಳಿಗೆ ಬಿಡುವಿಲ್ಲ, ಬಾಯಿಗೆ ಕೆಲಸವಿಲ್ಲ.
ಸೇರಿದ ದಿನವೇ ಹೇಳಿಕೊಟ್ಟಿದ್ದಳು ಹಿರಿಯಳು ದೋಲ್ಗೋರ್:
ನಕ್ಕರೆ ಕಂಸದೊಳಗೆ ಹಾಕು, (ನಗು).
ಮೇಜು ತಟ್ಟಿದರೆ (ಮೆಚ್ಚುಗೆ).
ಎದ್ದು ಹೋದರೆ (ಸಭಾತ್ಯಾಗ).
ಆಕಳಿಕೆ, ಸೀನು, ಕೆಮ್ಮು,
ಅವು ಮೈಯವು, ಮಾತಿನವಲ್ಲ. ಬಿಟ್ಟುಬಿಡು.

ಬಿಟ್ಟೆ.

ಮನೆ ಚಿಂಗೆಲ್ತೈ ಗುಡ್ಡದಲ್ಲಿ,
ಬಸ್ಸು ಕೈಬಿಟ್ಟ ಮೇಲೂ ಇನ್ನೂರ ಹತ್ತು ಮೆಟ್ಟಿಲು.
ಉಣ್ಣೆಯ ಗುಡಾರ, ನಡುವೆ ಕಬ್ಬಿಣದ ಒಲೆ,
ಹೊರಗೆ ಮೈನಸ್ ಮೂವತ್ತೊಂದು.
ಕಲ್ಲಿದ್ದಲು ಹಾಕಿದರೆ ಹೊಗೆ,
ಹಾಕದಿದ್ದರೆ ಹೆಣ.
ಇದರಲ್ಲಿ ಚರ್ಚಿಸುವುದಕ್ಕೆ ಏನಿದೆ, ಅನ್ನುತ್ತಾಳೆ ಮಗಳು ನೋಮಿನ್.
ಇದೆ ತಾಯಿ, ಹದಿನಾಲ್ಕು ಸಂಪುಟ ಇದೆ,
ನಾನೇ ಟೈಪು ಮಾಡಿದ್ದು.

ಮೊದಲನೆಯದರಲ್ಲಿ ಒಲೆ ಬದಲಿಸುತ್ತೇವೆ ಅಂದರು.
ಐದನೆಯದರಲ್ಲಿ ಒಲೆ ಬದಲಿಸುವ ಸಮಿತಿಯನ್ನು ಬದಲಿಸಿದರು.
ಗಾಳಿಗೇ ದಿಕ್ಕುದೆಸೆಯಿಲ್ಲ, ನಾವೇನು ಮಾಡೋಣ ಅಂದರು ಒಬ್ಬರು. (ನಗು).
ಇನ್ನೊಬ್ಬರು ಅಂಕಿಅಂಶ ತಂದಿದ್ದರು, ಪಾಪ, ಹೊಸಬರು,
ಕಾಗದ ಹಿಡಿದ ಕೈ ನಡುಗುತ್ತಿತ್ತು;
ಅವರ ಸರದಿ ಬಂದಾಗ ಕೋರಂ ಇರಲಿಲ್ಲ.
ಮೂಗಿಗೆ ತುಪ್ಪ ಸವರುವುದರಲ್ಲಿ ಇವರನ್ನು ಮೀರಿಸಿದವರಿಲ್ಲ,
ಆದರೆ ಈ ಊರಿನ ಮೂಗಿಗೆ
ಸುಟ್ಟ ಕಲ್ಲಿನದಲ್ಲದೆ ಬೇರೆ ಯಾವ ವಾಸನೆ ಹತ್ತೀತು?

ಮೊಮ್ಮಗ ಬಿಲ್ಗೂನ್‌ಗೆ ನಾಲ್ಕು ವರ್ಷ.
ಚಂದ್ರನ ಚಿತ್ರ ಬರೆದರೆ ಕಂದುಬಣ್ಣ ತುಂಬುತ್ತಾನೆ.
ಹೋದ ವಾರ ಆಸ್ಪತ್ರೆಯಲ್ಲಿ
ಒಂದೇ ಹಾಸಿಗೆಗೆ ಎರಡು ಮಕ್ಕಳು,
ಇವನ ತಲೆಯತ್ತ ಅವಳ ಕಾಲು.
ಆ ಮಗುವಿನ ತಾಯಿ ಕೇಳಿದಳು, ಎಲ್ಲಿ ಕೆಲಸ ನಿಮಗೆ?
ಬಟ್ಟೆ ಅಂಗಡಿಯಲ್ಲಿ, ಅಂದೆ.
ಸುಳ್ಳು ಸಲೀಸಾಗಿ ಬಂತು. ಕೇಳಿ ಕೇಳಿ ರೂಢಿ.

ಆ ರಾತ್ರಿ ಕತ್ತಲಲ್ಲಿ ನೋಡಿಕೊಂಡೆ:
ನನ್ನ ಬೆರಳು ಹೊದಿಕೆಯ ಮೇಲೆ ತಾವಾಗಿಯೇ ಆಡುತ್ತಿದ್ದವು,
ಅವನ ಕೆಮ್ಮನ್ನು ಬರೆದುಕೊಳ್ಳುತ್ತಿದ್ದವು.
ನಿಮಿಷಕ್ಕೆ ಹನ್ನೊಂದು.
ಬೆಳಗಿನ ಜಾವ ಏಳು.

ಬುಧವಾರ ಸಭೆ.
ಪಟ್ಟಿಯಲ್ಲಿ ಹೊಗೆ ಒಂಬತ್ತನೆಯದು.
ಎಂಟನೆಯದು, ಸದಸ್ಯರ ಊಟದ ಕೋಣೆಗೆ ಗಾಳಿ ಸೋಸುವ ಯಂತ್ರ.
ಚರ್ಚೆಯಿಲ್ಲದೆ ಅಂಗೀಕಾರ. (ಮೆಚ್ಚುಗೆ).
ಒಂಬತ್ತಕ್ಕೆ ಬಂದಾಗ ಸಭಾಪತಿ ಗಡಿಯಾರ ನೋಡಿದರು.
"ಸಮಗ್ರವಾಗಿ ಪರಿಶೀಲಿಸಿ, ವಸಂತದ ಅಧಿವೇಶನದಲ್ಲಿ..."
ವಸಂತದಲ್ಲಿ ಒಲೆ ಆರಿರುತ್ತದೆ. ಅವರಿಗೂ ಗೊತ್ತು.
ಹೊಗೆ ಇಲ್ಲದಾಗ ಹೊಗೆಯ ಬಗ್ಗೆ ಮಾತಾಡುವುದು
ಎಂಥ ಹಾಯಿ.

ಅಷ್ಟರಲ್ಲಿ ಅವರಿಗೇ ಬಂತು ಕೆಮ್ಮು.
ಸಣ್ಣದು.
ತಟ್ಟೆಯಲ್ಲಿ ಬಿಸಿನೀರು ಬಂತು, ಕರವಸ್ತ್ರ ಬಂತು,
ಒಬ್ಬ ಓಡಿಹೋಗಿ ಕಿಟಕಿಯ ಚಿಲಕ ಒತ್ತಿದ,
ಮೂವರು ಮಂತ್ರಿಗಳು ಅರ್ಧ ಎದ್ದು ನಿಂತರು.
ಒಂದು ಸರ್ಕಾರ ಅರ್ಧ ನಿಮಿಷದಲ್ಲಿ
ಇಷ್ಟೆಲ್ಲ ಮಾಡಬಲ್ಲದೆಂದು
ನನಗೆ ಗೊತ್ತೇ ಇರಲಿಲ್ಲ.

ಬರೆದೆ: (ಕೆಮ್ಮು).
ಕೈ ನಿಲ್ಲಲಿಲ್ಲ.
(ಕೆಮ್ಮು) (ಕೆಮ್ಮು) (ಕೆಮ್ಮು)
ಹನ್ನೊಂದು ಸಲ.
ಆಮೇಲೆ, ಆ ಸಭೆಯಲ್ಲಿ ಯಾರೂ ಆಡದ ಮಾತು:
(ಗಂಡುಮಗು, ನಾಲ್ಕು ವರ್ಷ, ಹಾಸಿಗೆಯ ಎಡಭಾಗ).

ಸಂಜೆ ತಿದ್ದುವ ವಿಭಾಗದ ಹುಡುಗ ಗಾನ್‌ಜೋರಿಗ್
ಹಾಳೆ ಹಿಡಿದು ಬಂದ.
ಅಕ್ಕಾ, ಇದು ಕೈತಪ್ಪು ತಾನೆ?
ನಾನು ಉತ್ತರ ಹುಡುಕುವುದರೊಳಗೆ
ಅವನು ಮಫ್ಲರಿಗೆ ಮುಖ ತಿರುಗಿಸಿ ಒಂದು ಸಲ,
ಇನ್ನೊಂದು ಸಲ.
ಇಬ್ಬರೂ ಸುಮ್ಮನಾದೆವು.
ಕೆಂಪು ಪೆನ್ನಿನ ಮುಚ್ಚಳ ತೆಗೆದ.
ಹಾಕಿದ.
ತೆಗೆದ.

ಕೊನೆಯ ಬಸ್ಸು ಆರೂ ಐವತ್ತಕ್ಕೆ.
ನಾನು ಕೋಟು ಹಾಕಿಕೊಂಡೆ.