ಹಗುರ ಲಾರಿಗಳಿಗೆ ರಸ್ತೆ ಬಂದ್

ವಯೋಮಿಂಗಿಗೆ ಬರುವುದು ಬಹಳ,
ಇಲ್ಲಿಂದ ಹೋಗುವುದು ಕಡಿಮೆ.
ಫ್ರಿಜ್ಜು, ಡಯಾಪರು, ನಾಯಿಯ ತಿಂಡಿ,
ಊರಗಲ ರೆಕ್ಕೆಯ ಗಾಳಿಯಂತ್ರ, ಎಲ್ಲ ಬರುತ್ತವೆ.
ಕಲ್ಲಿದ್ದಲು ರೈಲಿನ ಪಾಲು, ಸೋಡಾ ರೈಲಿನ ಪಾಲು.
ಲಾರಿಯ ಪಾಲಿಗೆ
ವಾಪಸಿನ ರಸ್ತೆ.

ಬರುವಾಗ ಮೈಲಿಗೆ ಎರಡು ಡಾಲರು ಎಂಬತ್ತು,
ಹೋಗುವಾಗ ಒಂದು ಹತ್ತು,
ಅದೂ ಫೋನಿನಾಚೆಯ ದಲ್ಲಾಳಿ
ಊಟ ಮಾಡಿದ್ದರೆ.

ನಾನು ತೂಕದ ಕಟ್ಟೆಯ ಗುಮಾಸ್ತೆ.
ಹದಿನಾಲ್ಕು ವರ್ಷ ಅದೇ ಕಿಟಕಿ, ಅದೇ ಪ್ರಶ್ನೆ:
ಪರವಾನಗಿ? ಏಳೂವರೆ ಲಕ್ಷದ ವಿಮೆ?
ಇಂಧನ ತೆರಿಗೆಯ ಚೀಟಿ? ವೈದ್ಯರ ಸಹಿ?
ಎಷ್ಟು ಗಂಟೆ ಓಡಿಸಿದೆ, ಎಷ್ಟು ಗಂಟೆ ಮಲಗಿದೆ?
ಎಲ್ಲ ಸರಿಯಿದ್ದರೆ ಹಸಿರು ದೀಪ.
ಎಲ್ಲ ಸರಿಯಿರುವ ಮನುಷ್ಯನನ್ನು ನೋಡಿಲ್ಲ,
ಕಾಗದ ನೋಡಿದ್ದೇನೆ.

ಆರ್ಲಿಸ್ ಹೆಂಡ್ರಿಯ ಕಾಗದ ಸರಿ, ಯಾವಾಗಲೂ.
ಪ್ಲಾಸ್ಟಿಕ್ ಹಾಳೆಯೊಳಗೆ, ಇಸ್ತ್ರಿ ಹಾಕಿದ ಹಾಗೆ.
ಒಂದೇ ಲಾರಿಯ ಕಂಪನಿ:
ಮಾಲೀಕ ಅವನೇ, ಚಾಲಕ ಅವನೇ,
ಚಾಲಕನಿಗೆ ಸಂಬಳ ತಡವಾದರೆ
ಮಾಲೀಕನನ್ನು ಬೈಯುವವನೂ ಅವನೇ.

ಮಾರ್ಚಿಯ ಒಂದು ಮಂಗಳವಾರ
ರಾಲಿನ್ಸಿನಲ್ಲಿ ವಾಷಿಂಗ್ ಮಷೀನು ಇಳಿಸಿ ಬಂದ.
ಗಾಳಿ ಎಪ್ಪತ್ತು ಮೈಲಿ.
ಹೆದ್ದಾರಿಯ ಫಲಕದಲ್ಲಿ ಕೆಂಪಕ್ಷರ:
ಹಗುರ ಲಾರಿಗಳಿಗೆ ರಸ್ತೆ ಬಂದ್. ಭಾರದವು ಹೋಗಬಹುದು.

ಗಾಳಿ ಬಂದಾಗ ತೂರಿಕೋ ಎನ್ನುತ್ತಾರೆ.
ಇಲ್ಲಿ ಗಾಳಿಯೇ ತೂರುತ್ತದೆ,
ಮೊರ ಅದರದು, ಜೊಳ್ಳು ನಾವು.
ಹೋದ ವಾರವೂ ಎಲ್ಕ್ ಮೌಂಟನ್ ಹತ್ತಿರ
ಒಂದು ಖಾಲಿ ಟ್ರೇಲರು ಮಗ್ಗುಲು ಮಲಗಿತ್ತು,
ದನದ ಹಾಗೆ, ಎದ್ದೇಳುವ ಮನಸ್ಸಿಲ್ಲದ ಹಾಗೆ.

ಎರಡು ರಾತ್ರಿ ನಿಂತ ಆರ್ಲಿಸ್.
ನನ್ನ ಕಿಟಕಿಗೆ ಬಂದು ಕಾಫಿ ಹೀರುತ್ತ ಕೇಳಿದ:
"ಸಾಲಕ್ಕೂ ತೂಕ ಇರುತ್ತದಲ್ಲ,
ಅದನ್ನು ಹಿಡಿಯುವುದಿಲ್ಲವೆ ನಿಮ್ಮ ಮಾಪಕ?"
ಆ ಕಾಲಮ್ಮು ನಮ್ಮ ಫಾರಮಿನಲ್ಲಿಲ್ಲ ಎಂದೆ.
ನಕ್ಕ. ನಾನೂ.

ಮೂರನೆಯ ಬೆಳಿಗ್ಗೆ ಫೋನು,
ಎಚೆವೆರಿ ಎಂಬ ಕುರಿಯ ಸಾಹುಕಾರನದು:
ಒಣಹುಲ್ಲಿದೆ, ಲರಾಮಿಗೆ ಹೋಗಬೇಕು,
ಬಾಡಿಗೆ ಕೊಡಲಾರೆ, ಡೀಸೆಲಿಗೆ ಕೊಟ್ಟೇನು.
ಬೇರೆ ದಿನವಾದರೆ ಆರ್ಲಿಸ್ ಫೋನು ಕುಕ್ಕುತ್ತಿದ್ದ.
ಆವತ್ತು "ಬಂದೆ" ಎಂದ.
ದುಡ್ಡಿಗಲ್ಲ, ಭಾರಕ್ಕೆ.

ಮಧ್ಯಾಹ್ನ ಕಟ್ಟೆಗೆ ಏರಿದ.
ಐವತ್ತೊಂದು ಸಾವಿರದ ಆರುನೂರು ಪೌಂಡು.
ಲಾಭ: ಸೊನ್ನೆ.
ಕಾಗದ ಕೇಳಿದೆ, ಗೊತ್ತಿದ್ದೂ ಕೇಳಿದೆ.
ಕೊಟ್ಟ. ಹಸಿರು ಒತ್ತಿದೆ.
ಪೂರ್ವಕ್ಕೆ ಹೊರಟ ಲಾರಿ
ಒಮ್ಮೆ ಓಲಾಡಿತು, ಕೂತುಕೊಂಡಿತು ರಸ್ತೆಗೆ.

ಕಟ್ಟೆಯ ಮೇಲೆ ಒಂದಿಷ್ಟು ಹುಲ್ಲುಕಡ್ಡಿ ಉದುರಿತ್ತು.
ಪೊರಕೆ ತರಲು ಒಳಗೆ ಹೋದೆ.
ಬರುವಷ್ಟರಲ್ಲಿ
ಗುಡಿಸಿಯಾಗಿತ್ತು.