ಎಂಟು ನಿಮಿಷ

ಗಂಟೆ ಬಡಿಯಿತು.
ಇನ್ನು ಎಂಟೇ ನಿಮಿಷ, ಆಮೇಲೆ ಬಾಗಿಲು ಮುಚ್ಚುತ್ತಾರೆ.
ಇಶ್ಬೆಲ್ ಗೆಡ್ಡಿಸ್ ಅರ್ಧ ಕುಡಿದ ಚಹಾ ಬಿಟ್ಟೆದ್ದಳು.

ಮಸೂದೆ ಇಂಗ್ಲೆಂಡಿನ ಹೆರಿಗೆ ವಾರ್ಡುಗಳದ್ದು.
ಅವಳ ಊರೋ ಟ್ವೀಡ್ ನದಿಯ ಬಡಗಣ ದಡ, ಸ್ಕಾಟ್ಲೆಂಡು.
ಅಲ್ಲಿಯ ಆಸ್ಪತ್ರೆಗಳ ಉಸಾಬರಿ ಎಡಿನ್‌ಬರೋದವರಿಗೆ,
ಅದರಲ್ಲಿ ಇವಳ ಮಾತು ನಡೆಯದು.
ಸ್ವಂತ ಒಲೆ ಮುಟ್ಟುವಂತಿಲ್ಲ,
ಪಕ್ಕದ ಮನೆಯ ಸಾರಿಗೆ ಉಪ್ಪು ಹಾಕಬಹುದು!

ಕೋಟಿನ ಜೇಬಿನಲ್ಲಿ
ತೆಂಕಣ ದಡದ ಸೂಲಗಿತ್ತಿ ಬರೆದ ಕಾಗದ:
'ನೀವು ಹೂಂ ಅಂದರೆ ನಮ್ಮ ವಾರ್ಡಿಗೆ ಬೀಗ.
ಮುಂದಿನ ಸಲ ನಿಮ್ಮನ್ನು ಸೋಲಿಸೋಣವೆಂದರೆ
ನಮ್ಮ ಮತಪತ್ರದಲ್ಲಿ ನಿಮ್ಮ ಹೆಸರೇ ಇರೋದಿಲ್ಲವಲ್ಲ, ಮೇಡಂ.'

ನಿಜ.
ಆದರೆ ತಮ್ಮನ ಮಗಳು ಹುಟ್ಟಿದ್ದು ಅದೇ ವಾರ್ಡಿನಲ್ಲಿ:
ಹಿಮ ಸುರಿದ ರಾತ್ರಿ, ಸೇತುವೆ ದಾಟಿದರೆ ಹತ್ತೇ ನಿಮಿಷ.
ನೋವು ತಿನ್ನುವವಳಿಗೆ ಯಾರೂ ಅಂದು
ಯಾವ ದಡದವಳೆಂದು ಕೇಳಿರಲಿಲ್ಲ.

ಬಲಕ್ಕೆ ಹೌದೆನ್ನುವವರ ಸಾಲು, ಎಡಕ್ಕೆ ಅಲ್ಲವೆನ್ನುವವರದು.
ನಡುವಿನ ಕಂಬಕ್ಕೆ ಒರಗಿ ನಿಂತಳು,
ಬಾಗಿಲು ಮುಚ್ಚುವ ತನಕ.

ಎಣಿಕೆ ಬಂತು. ಮಸೂದೆ ಗೆದ್ದದ್ದು ಒಂದೇ ಮತದಿಂದ.

ರಾತ್ರಿ ಉತ್ತರ ಬರೆಯಲು ಕೂತಳು.
'ನಾನು ಮತ ಹಾಕಲಿಲ್ಲ' ಎಂದು ಬರೆದು
ಪೂರ್ಣವಿರಾಮ ಇಡದೆ
ಬಹಳ ಹೊತ್ತು ನೋಡುತ್ತಿದ್ದಳು,
ಕೈ ತೊಳೆದುಕೊಂಡದ್ದೋ, ತಪ್ಪೊಪ್ಪಿಕೊಂಡದ್ದೋ